ಜಾಮೀನಿನ ಸಹಿ

‘1853ರ ಏಪ್ರಿಲ್ 16, ಬೊಂಬಾಯಿಯಿಂದ ಠಾಣೆಗೆ ಮೊದಲ ರೈಲು’ ಎಂದು ಮಕ್ಕಳಿಗೆ ವರ್ಷಗಟ್ಟಲೆ ಬರೆಸಿದ್ದೇನೆ. ಆ ರೈಲಿಗೆ ಹಣ ಹಾಕಿದವರು ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ನನಗೆ ಅರ್ಥವಾದದ್ದು ಸಂಬಳಕ್ಕೆ ಕತ್ತರಿ ಬಿದ್ದಾಗ.

ಮೈದುನ ಅಂಗಡಿ ಇಡಲು ಸಾಲ ತೆಗೆದ. “ಅತ್ತಿಗೆ, ಒಂದು ಸಹಿ ಅಷ್ಟೆ” ಎಂದ. ಸರ್ಕಾರಿ ಸಂಬಳದವಳ ಸಹಿಗೆ ಬೆಲೆ ಹೆಚ್ಚು ನೋಡಿ! ಹಾಕಿಕೊಟ್ಟೆ. ಅಂಗಡಿಯ ಲೆಕ್ಕದ ಪುಸ್ತಕವನ್ನು ಒಂದು ದಿನವೂ ಕೇಳಲಿಲ್ಲ. ಎರಡು ವರ್ಷಕ್ಕೆ ಬಾಗಿಲು ಮುಚ್ಚಿತು. ಮೂರು ವರ್ಷ ಕಂತು ಕಟ್ಟಿದವಳು ನಾನು. ಮಗಳಿಗೆಂದುಕೊಂಡಿದ್ದ ಬಳೆ ಅಕ್ಕಸಾಲಿಗನ ಅಂಗಡಿಯಲ್ಲೇ ಉಳಿಯಿತು.

ಆಗ ರೈಲಿನ ಕಥೆಯನ್ನು ಹೊಸದಾಗಿ ಓದಿದೆ. 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು ಎರಡು ಖಾಸಗಿ ರೈಲು ಕಂಪನಿಗಳೊಡನೆ ಕರಾರು ಮಾಡಿಕೊಂಡಿತು. ನೆಲ ಪುಕ್ಕಟೆ. ಬಂಡವಾಳ ಇಂಗ್ಲೆಂಡಿನ ಷೇರುದಾರರದು. ಲಾಭ ಬರಲಿ ಬಿಡಲಿ, ಅವರಿಗೆ ವರ್ಷಕ್ಕೆ ಶೇಕಡಾ 5 ಖಾತರಿ. ಗಳಿಕೆ ಸಾಲದಿದ್ದರೆ ತುಂಬಿಕೊಡುವುದು ಭಾರತದ ಬೊಕ್ಕಸ. ಬೊಕ್ಕಸವೆಂದರೆ ರೈತನ ಕಂದಾಯ, ಉಪ್ಪಿನ ಮೇಲಿನ ತೆರಿಗೆ. ರೈಲನ್ನೇ ಕಾಣದ ಹೆಂಗಸೂ ಸಾರಿಗೆ ಉಪ್ಪು ಹಾಕುವಾಗ ಕಂತು ಕಟ್ಟುತ್ತಿದ್ದಳು. ಅವಳ ಸಹಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಹೇಗೂ ಖಾತರಿಯಿದ್ದ ಮೇಲೆ ಕೈ ಬಿಗಿ ಹಿಡಿಯುವವರು ಯಾರು? ಹಣವನ್ನು ಹೂಗ್ಲಿ ನದಿಗೆ ಎಸೆದರೂ ಷೇರುದಾರನಿಗೆ ಚಿಂತೆಯಿರಲಿಲ್ಲ ಎಂಬರ್ಥದ ಮಾತನ್ನು, ಭಾರತದ ಹಣಕಾಸು ನೋಡಿಕೊಂಡಿದ್ದ ಮ್ಯಾಸಿ ಎಂಬವರೇ 1872ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಅಷ್ಟರಲ್ಲಿ, 1869ರಲ್ಲೇ, ಸರ್ಕಾರ ತಾನೇ ಹಳಿ ಹಾಕುವ ನಿರ್ಧಾರಕ್ಕೆ ಬಂದಿತ್ತು.

ರೈಲು ಬೇಡವಾಗಿತ್ತು ಎನ್ನುತ್ತಿಲ್ಲ. ಪುಣೆ ದಾಟಿ ಮುಂಬಯಿಯ ಮಗಳ ಮನೆಗೆ ಹೋಗುವಾಗ ಭೋರ್ ಘಾಟಿನ ಸುರಂಗಗಳನ್ನು ನಾನೂ ಎಣಿಸುತ್ತೇನೆ. ಮೈದುನನ ಅಂಗಡಿ ಹೋಯಿತು, ಹಳಿ ಉಳಿಯಿತು. ಆದರೆ ಬೆಲೆ ತೆತ್ತವರ ಹೆಸರು ಯಾವ ನಿಲ್ದಾಣದ ಗೋಡೆಯ ಮೇಲೂ ನನಗೆ ಕಂಡಿಲ್ಲ.

ಈಗ ಹೆದ್ದಾರಿ, ವಿಮಾನ ನಿಲ್ದಾಣಗಳಿಗೂ ಸರ್ಕಾರ ಮತ್ತು ಖಾಸಗಿಯವರ ಪಾಲುದಾರಿಕೆ. ಆಗಲಿ, ಎಲ್ಲವನ್ನೂ ಸರ್ಕಾರವೊಂದೇ ಮಾಡಲಾರದು. ಆದರೆ ಲಾಭ ಯಾರಿಗೆ, ನಷ್ಟ ಯಾರಿಗೆ, ಲೆಕ್ಕ ನೋಡುವವರು ಯಾರು? ಸಹಿಗೆ ಮೊದಲೇ ಕೇಳಬೇಕಾದ ಮಾತಿದು. ಮನೆ ನಡೆಸುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೇಳುವ ಧೈರ್ಯವಷ್ಟೇ ಬೇಕು.

ಈಗ ಮಕ್ಕಳಿಗೆ 1853ರ ಜೊತೆಗೆ 1849ನ್ನೂ ಬರೆಸುತ್ತೇನೆ.