ಬಿಯರ್ ತಣಿಸಿದ ಕಥೆ

ಬಿಸಿ ಹಾಲಿಗೆ ಹೆಪ್ಪು ಹಾಕಬಾರದೆಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಪಾಠ ಹೇಳಿಸಿಕೊಂಡು ಕಲಿಯುವುದಿಲ್ಲ. ಬಿಯರ್ ತಯಾರಕರ ಸಂಕಟವೂ ಇದೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದ ಸಿಹಿ ರಸಕ್ಕೆ 'ವರ್ಟ್' ಎಂದು ಹೆಸರು. ಅದನ್ನು ಹಾಪ್ಸ್ ಹೂವಿನೊಂದಿಗೆ ಕುದಿಸುತ್ತಾರೆ. ಆ ಬಿಸಿಯಲ್ಲೇ ಯೀಸ್ಟ್ ಬೆರೆಸಿದರೆ ಅದು ಸಾಯುತ್ತದೆ. ತಾನಾಗಿ ತಣಿಯಲೆಂದು ತೆರೆದಿಟ್ಟರೆ ಯೀಸ್ಟಿಗಿಂತ ಮೊದಲೇ ಬ್ಯಾಕ್ಟೀರಿಯಾ ಬಂದು ಕೂರುತ್ತದೆ. ಹಂಡೆಗಟ್ಟಲೆ ಸರಕು ಹುಳಿಯಾಗಿ ಚರಂಡಿ ಸೇರುತ್ತದೆ.

ಯೂರೋಪಿನ ಹಳೆಯ ಉಪಾಯ 'ಕೂಲ್‌ಶಿಪ್'. ಹೆಸರಿನಲ್ಲಿ ಹಡಗಿದ್ದರೂ ಅದು ಕೋಣೆಯಗಲದ ಪರಾತವಷ್ಟೆ. ತೆಳ್ಳಗೆ ಹರಡಿದ ರಸ ರಾತ್ರಿಯ ತಂಗಾಳಿಗೆ ಆರುತ್ತಿತ್ತು. ಆದರೆ ಬೇಸಿಗೆಯಲ್ಲಿ ತಂಗಾಳಿ ಎಲ್ಲಿಂದ ಬರಬೇಕು? 1553ರಲ್ಲಿ ಬವೇರಿಯದ ದೊರೆ ಐದನೆಯ ಆಲ್ಬ್ರೆಕ್ಟ್ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಕುದಿಸುವುದನ್ನೇ ನಿಷೇಧಿಸಿದ. ಕಾನೂನು ಬರೆದವರಿಗೆ ಸೂಕ್ಷ್ಮಜೀವಿಗಳ ಸುಳಿವೂ ಇರಲಿಲ್ಲ, ಅನುಭವ ಮಾತ್ರ ಇತ್ತು. ವರ್ಷದಲ್ಲಿ ಐದು ತಿಂಗಳು ಒಲೆ ಆರಿಸಿ ಕೂರಬೇಕಾದ ಕಸುಬುದಾರರ ಪಾಡು ಊಹಿಸಬಹುದು.

ಹುಳಿಯ ಗುಟ್ಟನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದವರು ಲೂಯಿ ಪಾಶ್ಚರ್. 1876ರಲ್ಲಿ ಬಿಯರ್ ಕುರಿತ ಅವರ ಗ್ರಂಥವೇ ಹೊರಬಂತು. ಅಷ್ಟರಲ್ಲಿ ತಣ್ಣೀರು ಹರಿಯುವ ಕೊಳವೆಗಳ ಮೇಲೆ ಬಿಸಿ ರಸವನ್ನು ಇಳಿಬಿಡುವ ಬೋದಲೊ ಕೂಲರ್ ಬಳಕೆಗೆ ಬಂದಿತ್ತು. ಅದೇ ದಶಕದಲ್ಲಿ ಮ್ಯೂನಿಕ್‌ನ ಸ್ಪಾಟನ್ ಬ್ರೂವರಿಯಲ್ಲಿ ಕಾರ್ಲ್ ಲಿಂಡೆ ತಂಪುಯಂತ್ರದ ಪ್ರಯೋಗ ನಡೆಸಿದರು. ನಮ್ಮ ಫ್ರಿಜ್ಜಿನ ವಂಶಾವಳಿಯಲ್ಲಿ ಬಿಯರಿಗೂ ಪಾಲಿದೆ ಎಂದಾಯಿತು! 1923ರಲ್ಲಿ ಇಂಗ್ಲೆಂಡಿನ ರಿಚರ್ಡ್ ಸೆಲಿಗ್‌ಮನ್ ರೂಪಿಸಿದ, ಲೋಹದ ಫಲಕಗಳ ನಡುವೆ ಬಿಸಿ-ತಣ್ಣನೆಯ ದ್ರವಗಳು ಎದುರುಬದುರು ಹರಿಯುವ ಸಾಧನ ಮೊದಲು ಹಾಲಿಗೆ ಬಂದು ಬಳಿಕ ಬಿಯರಿಗೂ ಒದಗಿತು. ನಮ್ಮ ಡೇರಿಗಳಲ್ಲಿ ಹಾಲು ತಣಿಯುವುದೂ ಈ ತತ್ವದಿಂದಲೇ.

ಮನೆಯಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಕಿಲ್ಲವೆಂದು ಬ್ರಿಟನ್ 1963ರಲ್ಲಿ ಸಾರಿತು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಹವ್ಯಾಸಿಗಳ ಹಾದಿ ಸುಗಮಗೊಳಿಸಿತು. ಇವರಲ್ಲಿ ದುಬಾರಿ ಯಂತ್ರವೆಲ್ಲಿಯದು? ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಪಾತ್ರೆಗಿಳಿಸಿ, ಒಳಗೆ ನಲ್ಲಿ ನೀರು ಹರಿಸಿದರು. ನಾಲ್ಕೈದು ಲೀಟರ್ ಮಾತ್ರವಾದರೆ ಅದೂ ಬೇಡ. ಪಾತ್ರೆ ಮುಳುಗುವ ಟಬ್ ಸಾಕು. ಜಾಣತನವಿರುವುದು ಕ್ರಮದಲ್ಲಿ. ಕುದಿ ರಸಕ್ಕೂ ನಲ್ಲಿ ನೀರಿಗೂ ತಾಪದ ಅಂತರ ಹೆಚ್ಚಿರುವುದರಿಂದ ಮೊದಲ ಸುತ್ತಿಗೆ ಬರೀ ನೀರೇ ಸಾಕು. ಅದು ಬೆಚ್ಚಗಾದರೆ ಚೆಲ್ಲಿ ಬದಲಿಸಬೇಕು, ಶುಚಿಯಾದ ಸೌಟಿನಿಂದ ರಸವನ್ನು ತಿರುವುತ್ತಿರಬೇಕು. ಐಸ್ ಕೊನೆಗೆ. ಒಂದು ಕಿಲೋ ಐಸ್ ಕರಗುವಾಗ ಹೀರುವ ಶಾಖ 4 ಲೀಟರ್ ನೀರನ್ನು ಸುಮಾರು 20 ಡಿಗ್ರಿ ಇಳಿಸಬಲ್ಲದು; ಅದನ್ನು ಕುದಿ ಪಾತ್ರೆಗೆ ಸುರಿಯುವುದು ದುಂದು.

ಆಸ್ಟ್ರೇಲಿಯದ ಹವ್ಯಾಸಿಗಳು ನೀರನ್ನೂ ಉಳಿಸಿದರು. ಬಿಸಿ ತಾಳುವ ಪ್ಲಾಸ್ಟಿಕ್ ಡಬ್ಬಿಗೆ ಕುದಿ ರಸವನ್ನೇ ತುಂಬಿ, ಗಾಳಿಯಾಡದಂತೆ ಮುಚ್ಚಿ ಮಲಗಿಬಿಡುತ್ತಾರೆ. ಇತ್ತ ಬ್ರಸೆಲ್ಸ್‌ನ ಕ್ಯಾಂಟಿಯೋನ್ ಬ್ರೂವರಿಯ ಅಟ್ಟದಲ್ಲಿ ಇಂದಿಗೂ ಹಳೆಯ ಪರಾತವೇ ಇದೆ. ಅಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಗಾಳಿಯ ಜೀವಿಗಳಿಗೆ ಬಾಗಿಲು ತೆರೆದೇ ಇಡುತ್ತಾರೆ. 'ಲ್ಯಾಂಬಿಕ್' ಎಂಬ ಬಿಯರಿಗೆ ಆ ಹುಳಿಯೇ ಬೇಕು.