ನೂಲಿನ ಸ್ತನ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಒಂದು ಅಥವಾ ಎರಡೂ ಸ್ತನಗಳನ್ನು ಕಳೆದುಕೊಂಡ ಹೆಂಗಸರು ಬ್ರಾದೊಳಗೆ ಇಟ್ಟುಕೊಳ್ಳಲೆಂದು ಮೃದುವಾದ ನೂಲಿನಿಂದ ಹೆಣೆದು, ಒಳಗೆ ಹಗುರ ಪಾಲಿಯೆಸ್ಟರ್ ಅರಳೆ ತುಂಬಿದ ಕೃತಕ ಸ್ತನ. ಅಂಗಡಿಯಲ್ಲಿ ಸಿಗುವುದು ಅಪರೂಪ. ಹೆಚ್ಚಿನವನ್ನು ಸ್ವಯಂಸೇವಕಿಯರು ಮನೆಯಲ್ಲೇ ಹೆಣೆದು, ಕೇಳಿದವರಿಗೆ ದುಡ್ಡಿಲ್ಲದೆ ಕಳಿಸುತ್ತಾರೆ. ಈಗಿನ ರೂಪದಲ್ಲಿ ಇದರ ವಯಸ್ಸು ಇಪ್ಪತ್ತು ವರ್ಷಕ್ಕಿಂತ ತುಸು ಹೆಚ್ಚು. ಆದರೆ ಇದನ್ನು ಹುಟ್ಟಿಸಿದ ತೊಡಕು ಹತ್ತೊಂಬತ್ತನೆಯ ಶತಮಾನದ್ದು.

ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1880ರ ದಶಕದಲ್ಲಿ ಆರಂಭಿಸಿ, 1894ರಲ್ಲಿ ವಿವರವಾಗಿ ಪ್ರಕಟಿಸಿದ ವಿಧಾನದಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳ ದುಗ್ಧರಸ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಬದುಕುಳಿದವಳ ಎದೆ ಪಕ್ಕೆಲುಬು ಕಾಣುವಷ್ಟು ಗುಳಿ ಬೀಳುತ್ತಿತ್ತು, ತೋಳು ಊದಿಕೊಳ್ಳುತ್ತಿತ್ತು. ಮುಕ್ಕಾಲು ಶತಮಾನ ಜಗತ್ತಿನ ಬಹುಪಾಲು ಆಸ್ಪತ್ರೆಗಳು ಇದೇ ದಾರಿ ಹಿಡಿದವು. 1948ರಲ್ಲಿ ಲಂಡನ್ನಿನ ಪೇಟಿ ಮತ್ತು ಡೈಸನ್ ಎದೆಯ ದೊಡ್ಡ ಸ್ನಾಯುವನ್ನು ಉಳಿಸುವ ವಿಧಾನವನ್ನು ಮುಂದಿಟ್ಟರು. ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ರೋಗಿ ಅಷ್ಟೇ ಕಾಲ ಬದುಕುತ್ತಾಳೆಂದು ಮಿಲಾನಿನ ಉಂಬೆರ್ಟೊ ವೆರೊನೇಸಿ ಮತ್ತು ಅಮೆರಿಕದ ಬರ್ನಾರ್ಡ್ ಫಿಷರ್ ಅವರ ಪ್ರಯೋಗಗಳು 1980ರ ದಶಕದಲ್ಲಿ ತೋರಿಸಿದವು. ಆದರೂ ಭಾರತದಲ್ಲಿ ಇಂದಿಗೂ ಎಷ್ಟೋ ಹೆಂಗಸರು ಪೂರ್ತಿ ಸ್ತನವನ್ನೇ ಕಳೆದುಕೊಳ್ಳುತ್ತಾರೆ. ರೋಗ ತಡವಾಗಿ ಗೊತ್ತಾಗುವುದು ಒಂದು ಕಾರಣ. ವಾರಗಟ್ಟಲೆ ವಿಕಿರಣ ಚಿಕಿತ್ಸೆಗೆಂದು ದೂರದ ನಗರದಲ್ಲಿ ಉಳಿಯಲಾಗದಿರುವುದು ಇನ್ನೊಂದು.

ಖಾಲಿಯಾದ ಜಾಗವನ್ನು ಏನಾದರೊಂದರಿಂದ ತುಂಬಬೇಕು ಎಂಬ ಯೋಚನೆ ಮೊದಲಿನಿಂದಲೂ ಇತ್ತು. ಯಾರಿಗಾಗಿ ತುಂಬಬೇಕು ಎಂಬ ಪ್ರಶ್ನೆ ತಡವಾಗಿ ಬಂತು.

ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ 1952ರಲ್ಲಿ ಸ್ತನ ಕಳೆದುಕೊಂಡರು. ಇನ್ನು ಬದುಕುವುದು ಹೇಗೆಂದು ಹೇಳುವವರು ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಅವರೇ ರೋಗಿಗಳ ಹಾಸಿಗೆಯ ಬಳಿ ಹೋಗಿ ತೋಳಿನ ವ್ಯಾಯಾಮ ಕಲಿಸಿದರು, ತಾತ್ಕಾಲಿಕ ಮೆತ್ತೆ ಕೊಟ್ಟರು. ವೈದ್ಯರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಆದರೂ 'ರೀಚ್ ಟು ರಿಕವರಿ' ಎಂಬ ಅವರ ಕಾರ್ಯಕ್ರಮವನ್ನು ಅಮೆರಿಕನ್ ಕ್ಯಾನ್ಸರ್ ಸೊಸೈಟಿ 1969ರಲ್ಲಿ ತನ್ನದಾಗಿಸಿಕೊಂಡಿತು. ಒಮ್ಮೆ ರೋಗಿಯಾಗಿದ್ದವಳೇ ಇನ್ನೊಬ್ಬ ರೋಗಿಯ ಕೈಗೆ ಮೆತ್ತೆ ಇಡುವ ಪದ್ಧತಿಗೆ ಇಲ್ಲಿ ಗಟ್ಟಿ ನೆಲೆ ಸಿಕ್ಕಿತು.

ವ್ಯಾಪಾರವೂ ಹಿಂದೆಯೇ ಬಂತು. ಬಾರ್ಬಿ ಗೊಂಬೆಯನ್ನು 1959ರಲ್ಲಿ ಮಾರುಕಟ್ಟೆಗೆ ತಂದ ರೂತ್ ಹ್ಯಾಂಡ್ಲರ್ ಅವರಿಗೆ 1970ರಲ್ಲಿ ಸ್ತನ ಕ್ಯಾನ್ಸರ್ ಆಯಿತು. ಅಂಗಡಿಯಲ್ಲಿ ಸಿಕ್ಕ ಕೃತಕ ಸ್ತನಗಳು ಅವರಿಗೆ ಸರಿಬರಲಿಲ್ಲ. ಎಡಕ್ಕೂ ಬಲಕ್ಕೂ ಒಂದೇ ಆಕಾರವಿದ್ದರೆ ಹೇಗೆ ಎಂಬ ಸರಳ ತಕರಾರು ಅವರದು. ಪೇಟನ್ ಮ್ಯಾಸಿ ಎಂಬ ತಯಾರಕರ ಜೊತೆ ಸೇರಿ ಎಡ-ಬಲ ಬೇರೆಬೇರೆಯಾದ 'ನಿಯರ್ಲಿ ಮಿ' ಕೃತಕ ಸ್ತನವನ್ನು ತಯಾರಿಸಿದರು. 1974ರ ಸೆಪ್ಟೆಂಬರಿನಲ್ಲಿ ಸ್ತನ ತೆಗೆಸಿಕೊಂಡು, ಅದನ್ನು ಮುಚ್ಚಿಡದೆ ದೇಶಕ್ಕೆಲ್ಲ ತಿಳಿಸಿದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅವರ ಗಿರಾಕಿಗಳಲ್ಲಿ ಒಬ್ಬರು. ಜರ್ಮನಿಯಲ್ಲಿ 1975ರಲ್ಲಿ ಆರಂಭವಾದ ಅಮೋಯೆನಾ ಕಂಪನಿ ಸಿಲಿಕೋನಿನ ಕೃತಕ ಸ್ತನಗಳನ್ನು ಜಗತ್ತಿನಾದ್ಯಂತ ಹರಡಿತು. ಸಿಲಿಕೋನ್ ನೋಡಲು ಸಹಜ, ಮುಟ್ಟಲು ಸಹಜ, ತೂಕವೂ ಹೆಚ್ಚುಕಡಿಮೆ ಸಹಜ. ಬಿಸಿಲಿನಲ್ಲಿ ಅದರ ಹಿಂದೆ ಇಳಿಯುವ ಬೆವರನ್ನು ಮಾತ್ರ ಯಾವ ಜಾಹೀರಾತೂ ಹೇಳುವುದಿಲ್ಲ.

ಎಲ್ಲರೂ ಮೆತ್ತೆಯನ್ನು ಸಂತೋಷದಿಂದ ತೆಗೆದುಕೊಳ್ಳಲಿಲ್ಲ. ಅಮೆರಿಕದ ಕಪ್ಪು ಕವಯಿತ್ರಿ ಆಡ್ರಿ ಲಾರ್ಡ್ 1978ರಲ್ಲಿ ಶಸ್ತ್ರಚಿಕಿತ್ಸೆಗೊಳಗಾದಾಗ 'ರೀಚ್ ಟು ರಿಕವರಿ'ಯಿಂದ ಬಂದ ಮಹಿಳೆ ಉಣ್ಣೆ ತುಂಬಿದ ತಿಳಿಗುಲಾಬಿ ಮೆತ್ತೆಯೊಂದನ್ನು ಕೊಟ್ಟಳು. ಲಾರ್ಡ್ ಅದನ್ನು ಧರಿಸದೆಯೇ ವೈದ್ಯರ ಬಳಿ ಹೋದಾಗ, ಹೀಗೆ ಬಂದರೆ ಇತರರ ಧೈರ್ಯ ಕುಂದುತ್ತದೆಂದು ಅಲ್ಲಿನ ನರ್ಸ್ ಆಕ್ಷೇಪಿಸಿದಳು. 1980ರಲ್ಲಿ ಬಂದ 'ದಿ ಕ್ಯಾನ್ಸರ್ ಜರ್ನಲ್ಸ್' ಪುಸ್ತಕದಲ್ಲಿ ಲಾರ್ಡ್ ಇದನ್ನು ಬರೆದು, ಕೃತಕ ಸ್ತನ ಇರುವುದು ನೋಡುವವರ ನೆಮ್ಮದಿಗಾಗಿ ಎಂದು ವಾದಿಸಿದರು. ಕನ್ನಡದಲ್ಲಿ ತಮ್ಮ ಸ್ತನ ಕ್ಯಾನ್ಸರಿನ ಅನುಭವವನ್ನು ಬಿ. ವಿ. ಭಾರತಿ 'ಸಾಸಿವೆ ತಂದವಳು' ಕೃತಿಯಲ್ಲಿ ದಾಖಲಿಸಿದ್ದಾರೆ. ಈ ಕಾಯಿಲೆಯ ಹೆಸರನ್ನೇ ಪಿಸುಗುಟ್ಟಿ ಹೇಳುವ ಮನೆಗಳು ಇನ್ನೂ ಇರುವ ನಾಡಿನಲ್ಲಿ ಅದು ಸಣ್ಣ ಕೆಲಸವಲ್ಲ.

ಲಾರ್ಡ್ ಎತ್ತಿದ ಪ್ರಶ್ನೆಗೆ ಅನಿರೀಕ್ಷಿತವಾದ ಉತ್ತರ ಬಂದದ್ದು ಹೆಣಿಗೆಗಾರರಿಂದ. ಕೆನಡಾದ ಟೊರಾಂಟೊದ ಬೆರಿಲ್ ತ್ಸಾಂಗ್ ಸ್ವತಃ ಸ್ತನ ಕಳೆದುಕೊಂಡವರು. ಮಾರುಕಟ್ಟೆಯ ಕೃತಕ ಸ್ತನವನ್ನು ಬಿಟ್ಟು ತಮ್ಮ ಬಳಿಯಿದ್ದ ನೂಲಿನಿಂದಲೇ ಒಂದನ್ನು ಹೆಣೆದುಕೊಂಡರು. 'ಟಿಟ್ ಬಿಟ್ಸ್' ಎಂಬ ಹೆಸರಿನ ಆ ವಿನ್ಯಾಸ 2005ರಲ್ಲಿ 'ನಿಟ್ಟಿ' ಎಂಬ ಅಂತರ್ಜಾಲ ಹೆಣಿಗೆ ಪತ್ರಿಕೆಯಲ್ಲಿ ಎಲ್ಲರಿಗೂ ಉಚಿತವಾಗಿ ಪ್ರಕಟವಾಯಿತು. ಬಳಿಕ ಅಮೆರಿಕದ ಮೇನ್ ರಾಜ್ಯದ ನೂಲಿನಂಗಡಿಯೊಂದರ ಸುತ್ತ ಸೇರಿದವರು ಇಂಥವನ್ನು ಹೆಣೆದು ಹಂಚತೊಡಗಿದರು. 'ನಿಟೆಡ್ ನಾಕರ್ಸ್' ಎಂಬ ತುಂಟ ಹೆಸರು ಚಲಾವಣೆಗೆ ಬಂದದ್ದು ಹೀಗೆ.

ಅದನ್ನು ದೊಡ್ಡ ಚಳವಳಿಯಾಗಿಸಿದವರು ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಊರಿನ ಬಾರ್ಬರಾ ಡಿಮೊರೆಸ್ಟ್. 2011ರಲ್ಲಿ ಅವರ ಸ್ತನ ತೆಗೆದ ಮೇಲೆ ಮರುನಿರ್ಮಾಣ ಕೈಗೂಡಲಿಲ್ಲ. ಹಸಿ ಗಾಯದ ಮೇಲೆ ವಾರಗಟ್ಟಲೆ ಏನನ್ನೂ ಇಡಬಾರದೆಂದ ವೈದ್ಯರೇ ಹೆಣಿಗೆಯ ಸ್ತನದ ಸುಳಿವನ್ನೂ ಕೊಟ್ಟರು. ಗೆಳತಿಯೊಬ್ಬರು ಒಂದು ಜೊತೆ ಹೆಣೆದುಕೊಟ್ಟರು. ಅದನ್ನು ಧರಿಸಿದ ಡಿಮೊರೆಸ್ಟ್ ಇತರರಿಗೂ ಮುಟ್ಟಿಸಲು ಪ್ರತಿಷ್ಠಾನವನ್ನೇ ಕಟ್ಟಿದರು. ಅದು ವಿನ್ಯಾಸಗಳನ್ನು ಉಚಿತವಾಗಿ ಹಂಚಿತು, ಯಾವ ನೂಲು ನಡೆಯುತ್ತದೆ ಎಂಬ ಪಟ್ಟಿ ಮಾಡಿತು, ಆಸ್ಪತ್ರೆಗಳನ್ನೂ ಹೆಣೆಯುವವರನ್ನೂ ಬೆಸೆಯಿತು. ಹಲವು ದೇಶಗಳಲ್ಲಿ ಇದೇ ಮಾದರಿಯ ಗುಂಪುಗಳು ಹುಟ್ಟಿಕೊಂಡವು.

ನೂಲಿನ ವಿಷಯದಲ್ಲಿ ಈ ಗುಂಪುಗಳು ರಾಜಿಯಾಗುವುದಿಲ್ಲ. ಹೊಲಿಗೆಯ ಕಲೆ ಮಾಸದ, ವಿಕಿರಣಕ್ಕೆ ಸುಟ್ಟು ಕಪ್ಪಾದ ಚರ್ಮಕ್ಕೆ ಉಣ್ಣೆ ಚುಚ್ಚುತ್ತದೆ. ಹಾಗಾಗಿ ನುಣುಪಾದ ಹತ್ತಿ ನೂಲಿಗೆ ಮೊದಲ ಆದ್ಯತೆ. ದುಂಡಗೆ ಹೆಣೆಯುವುದರಿಂದ ಅಂಚಿನ ಹೊಲಿಗೆ ಇರುವುದಿಲ್ಲ. ಹಿಂಬದಿಯನ್ನು ದಾರ ಎಳೆದು ಬಿಗಿಯುವ ಚೀಲದ ಬಾಯಿಯಂತೆ ಬಿಡುತ್ತಾರೆ. ಧರಿಸುವವಳು ಅದನ್ನು ಬಿಚ್ಚಿ ಅರಳೆ ಹೆಚ್ಚು ಕಡಿಮೆ ಮಾಡಿ, ಇನ್ನೊಂದು ಬದಿಗೆ ಹೊಂದಿಸಿಕೊಳ್ಳಬಹುದು. ಅಳತೆ ಬ್ರಾದ ಕಪ್ಪಿನ ಲೆಕ್ಕದಲ್ಲಿರುತ್ತದೆ. ಕೊಳೆಯಾದರೆ ಒಗೆದು ಒಣಗಿಸಿದರಾಯಿತು. ತೂಕವಿಲ್ಲದ್ದು ಇದರ ಗುಣ, ದೋಷ ಎರಡೂ ಹೌದು: ಊದಿದ ತೋಳಿನವರಿಗೆ ಭುಜದ ಪಟ್ಟಿ ಒತ್ತುವುದಿಲ್ಲ, ಆದರೆ ಇನ್ನೊಂದು ಸ್ತನ ದೊಡ್ಡದಾಗಿದ್ದರೆ ಬ್ರಾ ಒಂದು ಕಡೆ ಮೇಲೇರುತ್ತದೆ. ಅಂಥವರಿಗೆ ಸಿಲಿಕೋನೇ ಮೇಲು.

ಭಾರತಕ್ಕೆ ಬರುವಾಗ ಇದು ಕಡ್ಡಿ ಬಿಟ್ಟು ಕೊಕ್ಕೆ ಹಿಡಿಯಿತು. ದಕ್ಷಿಣದ ಮನೆಗಳಲ್ಲಿ ಸ್ವೆಟರ್ ಹೆಣೆಯುವವರು ವಿರಳ. ಕೊಕ್ಕೆಯಿಂದ ಹೆಣೆಯುವ ಕ್ರೋಶಾ ಬಲ್ಲವರು ಬಾಗಿಲ ತೋರಣ, ಟೀವಿಯ ಮೇಲಿನ ಹೊದಿಕೆ, ಮೊಮ್ಮಗುವಿನ ಟೋಪಿ ಹೆಣೆದು ಮುಗಿಸಿ ಇನ್ನೇನು ಎಂದು ಕೂತವರು. ಈ ವಿದ್ಯೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಮಿಷನರಿಗಳ ಮೂಲಕ. ಆಂಧ್ರದ ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಮುಂಬೈ ಕೇಂದ್ರಿತ ಸಾಯಿಶಾ ಇಂಡಿಯಾ ಫೌಂಡೇಶನ್ ಇಂಥ ಕೈಗಳನ್ನು ಒಟ್ಟುಗೂಡಿಸಿ, ಹೆಣೆದ ಕೃತಕ ಸ್ತನಗಳನ್ನು ರೋಗಿಗಳಿಗೆ ಉಚಿತವಾಗಿ ತಲುಪಿಸುತ್ತಾ ಬಂದಿದೆ.

ಅಗತ್ಯ ಎಷ್ಟಿದೆ ಎಂಬುದಕ್ಕೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜು ಸಾಕು: ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1,92,000 ಹೊಸ ಸ್ತನ ಕ್ಯಾನ್ಸರ್ ರೋಗಿಗಳು, ಸುಮಾರು 98,000 ಸಾವು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ನೋಂದಣಿಯನ್ನು ನಡೆಸುತ್ತಿದೆ. ಹೆಂಗಸರಲ್ಲಿ ಗರ್ಭಕೊರಳ ಕ್ಯಾನ್ಸರನ್ನು ಹಿಂದಿಕ್ಕಿ ಸ್ತನ ಕ್ಯಾನ್ಸರ್ ಮೊದಲ ಸ್ಥಾನಕ್ಕೆ ಬಂದದ್ದು ಆ ದಾಖಲೆಗಳಲ್ಲೇ ಕಾಣುತ್ತದೆ. ಕಲಬುರಗಿಯ ಬಡ ಕುಟುಂಬದಿಂದ ಬಂದು ಕಿದ್ವಾಯಿಯಲ್ಲಿ ಶಸ್ತ್ರವೈದ್ಯೆಯಾಗಿ, ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಹೆಸರಾದ ಡಾ. ವಿಜಯಲಕ್ಷ್ಮಿ ದೇಶಮಾನೆ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ಚಿಕಿತ್ಸೆ ಮುಗಿಸಿ ಊರಿಗೆ ಮರಳಿದವಳ ಸಮಸ್ಯೆ ಆಸ್ಪತ್ರೆಯ ಲೆಕ್ಕಕ್ಕೆ ಸಿಗುವುದಿಲ್ಲ. ಪುಣೆಯ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿರುವ ಭೋರ್ ಅನ್ನೇ ನೋಡಬಹುದು. ಸಹ್ಯಾದ್ರಿಯ ಹಳ್ಳಿಗಳಿಗೆ ತಾಲೂಕು ಕೇಂದ್ರವಾಗಿರುವ ಊರದು. ಅದರ ನೀರಾ ನದಿ ಭೀಮೆಯನ್ನು ಸೇರಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತದೆ. ನದಿಯ ಮೇಲಿನವರಿಗೂ ಕೆಳಗಿನವರಿಗೂ ಪಾಡು ಒಂದೇ: ಸಾವಿರಾರು ರೂಪಾಯಿಯ ಸಿಲಿಕೋನ್ ಸ್ತನ ಮಾರುವ ಅಂಗಡಿ ದೊಡ್ಡ ನಗರದಲ್ಲಿರುತ್ತದೆ, ಅದಕ್ಕೆ ಬೇಕಾದ ವಿಶೇಷ ಬ್ರಾ ಕೂಡ ಅಲ್ಲೇ. ಅಲ್ಲಿಗೆ ಹೋಗಲಾಗದವರು ಹಳೆ ಬಟ್ಟೆ ಮಡಚಿ, ಹತ್ತಿ ತುರುಕಿ, ಸೆರಗನ್ನು ಆ ಬದಿಗೆ ಎಳೆದುಕೊಂಡು ಕಾಲ ಹಾಕುತ್ತಾರೆ. ಅಂಚೆಯಲ್ಲಿ ಬರುವ ಹಗುರ ಪೊಟ್ಟಣಕ್ಕೆ ಇಲ್ಲಿ ಬೆಲೆಯಿದೆ. ಊರಲ್ಲೇ ಒಬ್ಬರಿಗೆ ಕ್ರೋಶಾ ಬಂದರೆ ಪೊಟ್ಟಣವೂ ಬೇಕಿಲ್ಲ.

ಅಮೆರಿಕದಲ್ಲಿ ಸ್ತನ ತೆಗೆಯುವುದಕ್ಕೆ ಹಣ ಕೊಡುವ ವಿಮೆ ಕೃತಕ ಸ್ತನಕ್ಕೂ ಕೊಡಬೇಕೆಂಬ ಕಾನೂನು 1998ರಲ್ಲೇ ಬಂದಿದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಅದನ್ನು ಉಚಿತವಾಗಿ ಕೊಡುತ್ತದೆ. ಅಂಥ ಹಕ್ಕಿರುವ ಕಡೆ ಹೆಣಿಗೆಯ ಸ್ತನ ಒಂದು ಆಯ್ಕೆ. ಇಲ್ಲದ ಕಡೆ ಎಷ್ಟೋ ಸಲ ಅದೊಂದೇ ಗತಿ. ಸ್ವಯಂಸೇವಕಿಯರ ಔದಾರ್ಯವನ್ನು ಹೊಗಳುವಾಗ ಈ ವ್ಯತ್ಯಾಸ ಮರೆಯಾಗುವುದುಂಟು.

ಹೊರದೇಶದ ವಿನ್ಯಾಸ ಭಾರತದಲ್ಲಿ ಪೂರ್ತಿ ಒಗ್ಗುವುದೂ ಇಲ್ಲ. ಅದು ದಿನವೂ ಬ್ರಾ ತೊಡುವವಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಹಳ್ಳಿಯ ಎಷ್ಟೋ ವಯಸ್ಸಾದ ಹೆಂಗಸರು ತೊಡುವುದು ಬರೀ ರವಿಕೆ. ಅದರೊಳಗೆ ಇಟ್ಟ ಮೆತ್ತೆ ಬಗ್ಗಿ ನಾಟಿ ಮಾಡುವಾಗ, ಕಸ ಗುಡಿಸುವಾಗ ಜಾರುತ್ತದೆ. ರವಿಕೆಯ ಒಳಗೆ ತೆಳು ಹತ್ತಿ ಬಟ್ಟೆಯ ಜೇಬು ಹೊಲಿಸಿಕೊಂಡರೆ ನಿಲ್ಲುತ್ತದೆ. ಅದಕ್ಕೆ ಊರಿನ ದರ್ಜಿಗೆ, ಹೆಚ್ಚಾಗಿ ಒಬ್ಬ ಗಂಡಸಿಗೆ, ವಿಷಯ ಬಿಡಿಸಿ ಹೇಳಬೇಕಾಗುತ್ತದೆ.