ಗಾಡಿ ಕೆಟ್ಟ ಮೇಲೆ

ದಾವಣಗೆರೆಯ ಆನೆಕೊಂಡದಲ್ಲಿ ಒಂದು ಹಳೆಯ ಈಶ್ವರ ಗುಡಿಯಿದೆ. ಚಾಲುಕ್ಯರ ಕಾಲದ ಕಲ್ಲುಕೆಲಸ. ಚರಿತ್ರೆ ಅಂದ ಕೂಡಲೇ ಮೇಷ್ಟ್ರುಗಳು ಮಕ್ಕಳಿಗೆ ಅದನ್ನೇ ತೋರಿಸುತ್ತಾರೆ. ತೋರಿಸಲಿ. ಆದರೆ ಚರಿತ್ರೆ ಗುಜರಿ ಅಂಗಡಿ ಮುಂದೆಯೂ ಬಿದ್ದಿರುತ್ತದೆ. ತುಕ್ಕು ಹಿಡಿದ, ಒಂದು ಚಕ್ರ ಕಳಚಿದ ಮೋಟಾರ್ ಸೈಕಲ್ಲನ್ನು ಅಲ್ಲಿ ಕಂಡಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ: ಇದನ್ನು ಬಿಟ್ಟುಹೋದವನು ಆಮೇಲೆ ಹೇಗೆ ನಡೆದ? ಯಾರ ಜೊತೆ ನಡೆದ?

ಹಾಗೆ ಬಿಟ್ಟುಹೋದ ಗಾಡಿಗಳಲ್ಲಿ ಚರಿತ್ರೆಗೆ ಸೇರಿದ್ದು ಒಂದಿದೆ. 1939ರ ಮಾಡೆಲ್ಲಿನ, 500 ಸಿ.ಸಿ.ಯ ನಾರ್ಟನ್. ಇಂಗ್ಲೆಂಡಿನಲ್ಲಿ ತಯಾರಾಗಿ ಅರ್ಜೆಂಟೀನಾದಲ್ಲಿ ಓಡಿದ್ದು. ಅದರ ಒಡೆಯ ಆಲ್ಬರ್ಟೊ ಗ್ರನಾಡೊ, ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಜೀವರಸಾಯನ ತಜ್ಞ. ಜೊತೆಗಾರ 23 ವರ್ಷದ ವೈದ್ಯಕೀಯ ವಿದ್ಯಾರ್ಥಿ ಅರ್ನೆಸ್ಟೊ ಗೆವಾರ. ಮುಂದೆ ಜಗತ್ತು ಇವನನ್ನೇ ಚೆ ಅಂತ ಕರೆಯಿತು. ಗಾಡಿಗೆ ಇಬ್ಬರೂ ಕರೆಯುತ್ತಿದ್ದ ಹೆಸರು ಲಾ ಪೊಡೆರೋಸ, ಅಂದರೆ ಮಹಾಬಲಶಾಲಿ. ಬಲ ಇದ್ದದ್ದು ಹೆಸರಿನಲ್ಲಿ ಮಾತ್ರ.

1952ರ ಜನವರಿಯಲ್ಲಿ ಇವರು ಹೊರಟರು. ಇಡೀ ಖಂಡ ನೋಡಿ ಬರಬೇಕು ಅನ್ನುವ ಹುಡುಗಾಟದ ಆಸೆ. ಕೈಯಲ್ಲಿ ದುಡ್ಡು ಕಡಿಮೆ, ಗಾಡಿ ಮೇಲೆ ಹೊರೆ ಜಾಸ್ತಿ. ಮರಳಲ್ಲಿ ಬಿದ್ದರು, ಜಲ್ಲಿಯಲ್ಲಿ ಬಿದ್ದರು, ಎದ್ದು ತಂತಿ ಬಿಗಿದು ಮತ್ತೆ ಓಡಿಸಿದರು. ಫೆಬ್ರವರಿಯಲ್ಲಿ ಗಡಿ ದಾಟಿ ಚಿಲಿ ದೇಶಕ್ಕೆ ಬಂದರು. ಅಲ್ಲಿನ ತೆಮುಕೊ ಊರಿನ ಪತ್ರಿಕೆಯೊಂದು ಇವರನ್ನು ಕುಷ್ಠರೋಗದ ದೊಡ್ಡ ತಜ್ಞರು ಅಂತ ಬರೆದದ್ದೇ ತಡ, ಹೋದಲ್ಲೆಲ್ಲ ಊಟ, ಮರ್ಯಾದೆ. ಗಾಡಿ ಮೇಲೆ ಕೂತವರಿಗೆ ಲೋಕ ಯಾವತ್ತೂ ಒಂದು ಗೇಣು ಜಾಸ್ತಿಯೇ ಬಾಗುತ್ತದೆ.

ಅಷ್ಟರಲ್ಲಿ ಗಾಡಿ ಕೈಕೊಟ್ಟಿತು. ಗೇರ್ ಬಾಕ್ಸ್ ಒಡೆಯಿತು, ಬ್ರೇಕು ಹೋಯಿತು. ರಿಪೇರಿ ಮಾಡಿಸಿದರೂ ದಿಣ್ಣೆ ಏರಲಿಲ್ಲ. ಲಾರಿಯೊಂದಕ್ಕೆ ಹೇರಿ ರಾಜಧಾನಿ ಸ್ಯಾಂಟಿಯಾಗೋವರೆಗೆ ತಂದು ಅಲ್ಲೇ ಬಿಟ್ಟರು. ಅಲ್ಲಿಂದ ಮುಂದಕ್ಕೆ ಅವರು ಚೀಲ ಹೊತ್ತು ನಡೆಯುವವರು, ಲಾರಿಗೆ ಕೈ ಅಡ್ಡ ಹಿಡಿಯುವವರು.

ಚರಿತ್ರೆ ಶುರುವಾಗುವುದು ಇಲ್ಲಿಂದ. ಗಾಡಿ ಓಡುವಾಗ ಅವರು ಕಂಡದ್ದು ಹೆಚ್ಚಾಗಿ ಬೆಟ್ಟ, ಸರೋವರ. ಗಾಡಿ ಕೆಟ್ಟ ಮೇಲೆ ಕಂಡದ್ದು ಮನುಷ್ಯರನ್ನ. ವಾಲ್ಪರೈಸೊ ಬಂದರಿನಲ್ಲಿ ಉಬ್ಬಸದಿಂದ ಸಾಯುತ್ತಿದ್ದ ಒಬ್ಬ ಮುದುಕಿ. ದುಡಿಯುವಷ್ಟು ದಿನ ದುಡಿದು, ಆಗದಿದ್ದಾಗ ಮನೆಯವರಿಗೇ ಭಾರವಾದವಳು. ಚೆಗೂ ಉಬ್ಬಸವಿತ್ತು. ಆದರೆ ಅವನ ಉಬ್ಬಸಕ್ಕೆ ಔಷಧಿ ಇತ್ತು. ಒಂದೇ ರೋಗ ಬಡವಳ ಎದೆಯಲ್ಲಿ ಬೇರೆ, ಉಳ್ಳವನ ಎದೆಯಲ್ಲಿ ಬೇರೆ ಅಂತ ಆ ವೈದ್ಯ ವಿದ್ಯಾರ್ಥಿಗೆ ಕಾಣಿಸಿದ್ದು ಅಲ್ಲಿ.

ಆಮೇಲೆ ಕಳ್ಳತನದಲ್ಲಿ ಹಡಗು ಹತ್ತಿ ಉತ್ತರದ ಮರುಭೂಮಿಗೆ ಹೋದರು. ಚುಕಿಕಮಾಟ ತಾಮ್ರದ ಗಣಿಗೆ ಹೋಗುವ ದಾರಿಯಲ್ಲಿ ಕೊರೆಯುವ ಚಳಿಯ ಒಂದು ರಾತ್ರಿ ಗಂಡ ಹೆಂಡತಿ ಇಬ್ಬರು ಸಿಕ್ಕರು. ಗಂಡ ಕಮ್ಯುನಿಸ್ಟ್ ಕಾರ್ಮಿಕ, ಜೈಲು ಕಂಡು ಬಂದವನು. ಚಿಲಿಯಲ್ಲಿ 1948ರ ಕಾನೂನಿನಿಂದ ಆ ಪಕ್ಷಕ್ಕೆ ನಿಷೇಧವಿತ್ತು. ಹೊದೆಯಲು ಒಂದು ಕಂಬಳಿಯೂ ಇಲ್ಲದೆ, ಜೀವ ತಿನ್ನುವ ಗಂಧಕದ ಗಣಿಯಲ್ಲಾದರೂ ಕೆಲಸ ಸಿಕ್ಕೀತೆಂದು ಹೊರಟಿದ್ದರು. ಇವರು ತಮ್ಮ ಕಂಬಳಿಯೊಂದನ್ನು ಅವರಿಗೆ ಕೊಟ್ಟರು. ಮೋಟಾರ್ ಸೈಕಲ್ಲು ಸರಿ ಇದ್ದಿದ್ದರೆ ಆ ಜೋಡಿಯ ಮುಖಕ್ಕೆ ಧೂಳು ಎರಚಿ ಮುಂದೆ ಹೋಗಿರುತ್ತಿದ್ದರೋ ಏನೋ.

ಆ ತಾಮ್ರದ ಗಣಿ ಯಾರದು ಗೊತ್ತೇ? ಅನಕೊಂಡ ಅನ್ನುವ ಅಮೆರಿಕದ ಕಂಪನಿಯದು. ನಮ್ಮ ಆನೆಕೊಂಡಕ್ಕೂ ಅದಕ್ಕೂ ಕಿವಿಗೆ ಕೇಳುವ ಹೋಲಿಕೆ ಬಿಟ್ಟರೆ ಬೇರೆ ಸಂಬಂಧವಿಲ್ಲ. ಚಿಲಿಯ ಮಣ್ಣಿನ ತಾಮ್ರ ಚಿಲಿಯವರದಾಗಿರಲಿಲ್ಲ. 1971ರಲ್ಲಿ ಅಯೆಂದೆ ಸರಕಾರ ಆ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1973ರ ಸೆಪ್ಟೆಂಬರ್ 11ರಂದು ಸೈನ್ಯ ದಂಗೆಯೆದ್ದು ಆ ಸರಕಾರವನ್ನೇ ಉರುಳಿಸಿತು. ಅದನ್ನು ನೋಡಲು ಚೆ ಇರಲಿಲ್ಲ. 1967ರ ಅಕ್ಟೋಬರಿನಲ್ಲೇ ಬೊಲಿವಿಯಾದಲ್ಲಿ ಅವನನ್ನು ಹಿಡಿದು ಕೊಂದಿದ್ದರು.

ನಮ್ಮ ಆನೆಕೊಂಡದ ಜನಕ್ಕೆ ಈ ಕತೆ ಅಪರಿಚಿತವಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ದಾವಣಗೆರೆಯನ್ನು ಹೊಗಳಿದರು. ಹತ್ತಿಯ ಎಳೆಯ ಜೊತೆ ಉಸಿರನ್ನೂ ನೂತವರು ಗಿರಣಿ ಕಾರ್ಮಿಕರು. ಗಿರಣಿಗಳು ಮುಚ್ಚಿದವು. ಪಕ್ಕದ ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತು ಯಂತ್ರಗಳು ದೇಶಕ್ಕೆಲ್ಲ ಹೋದವು. ಆ ಕಾರ್ಖಾನೆಯೂ ಈಗಿಲ್ಲ. ಯಂತ್ರ ಕೆಟ್ಟರೆ ಗುಜರಿಗೆ ಹಾಕುತ್ತಾರೆ. ದುಡಿದ ಮೈ ಕೆಟ್ಟರೆ ಹಾಕುವುದೆಲ್ಲಿಗೆ?

ಆದರೆ ಗೆಳೆಯರೇ, ಇಲ್ಲಿಗೇ ನಿಲ್ಲಿಸಿದರೆ ನಾವು ಚೆಯ ಭಕ್ತರಾಗುತ್ತೇವೆ, ಅಷ್ಟೆ. ನಮ್ಮ ನೆಲದ ಇನ್ನೊಂದು ಗಾಡಿಯ ಕತೆಯನ್ನು ಇದರ ಪಕ್ಕ ಇಟ್ಟು ನೋಡಬೇಕು.

1929ರಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಮಹಾರಾಷ್ಟ್ರದ ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದರು. ಅಷ್ಟು ಹೊತ್ತಿಗೆ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬ್ಯಾರಿಸ್ಟರ್ ಆಗಿದ್ದವರು. ಅಸ್ಪೃಶ್ಯರ ಕಷ್ಟ ವಿಚಾರಿಸಲು ಮುಂಬಯಿ ಸರಕಾರ ನೇಮಿಸಿದ್ದ ಸಮಿತಿಯ ಸದಸ್ಯರು. ಕೇರಿಯ ಜನ ಪ್ರೀತಿಯಿಂದ ಕರೆದರು. ಕೇರಿಗೆ ಹೋಗಲು ಟಾಂಗಾ ಬೇಕು. ಅಸ್ಪೃಶ್ಯನನ್ನು ಕೂರಿಸಿಕೊಂಡು ಟಾಂಗಾ ಹೊಡೆಯಲು ಯಾವ ಟಾಂಗಾದವನೂ ಒಪ್ಪಲಿಲ್ಲ. ಬೇಕಾದರೆ ಗಾಡಿ ಬಾಡಿಗೆಗೆ ಕೊಡುತ್ತೇನೆ, ನಾನು ಹೊಡೆಯುವುದಿಲ್ಲ ಅನ್ನುವ ಮಾತಿಗೆ ಬಂತು. ಕೊನೆಗೆ ಕೇರಿಯವನೇ ಒಬ್ಬ, ಟಾಂಗಾ ಹೊಡೆದು ಗೊತ್ತಿಲ್ಲದವನು, ಲಗಾಮು ಹಿಡಿದ. ಮೋರಿ ಸೇತುವೆಯ ಮೇಲೆ ಗಾಡಿ ಅಪಘಾತವಾಯಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು. ಕಾಲಿನ ಮೂಳೆ ಮುರಿಯಿತು.

ನಾರ್ಟನ್ ಕೈಕೊಟ್ಟದ್ದು ಕಬ್ಬಿಣ ಸವೆದದ್ದಕ್ಕೆ. ಚಾಳೀಸಗಾಂವದ ಟಾಂಗಾದಲ್ಲಿ ಚಕ್ರ ಸರಿ ಇತ್ತು, ಕುದುರೆ ಇತ್ತು. ಕೆಟ್ಟಿದ್ದು ಜಾತಿ ತುಂಬಿದ ತಲೆ. ಅದಕ್ಕೆ ಗ್ಯಾರೇಜಿಲ್ಲ. ಹೊಟ್ಟೆಪಾಡಿಗೆ ಟಾಂಗಾ ಹೊಡೆಯುವ ಬಡವನೂ ಬ್ಯಾರಿಸ್ಟರನಿಗಿಂತ ತಾನು ಮೇಲು ಅಂದುಕೊಳ್ಳುವ ವ್ಯವಸ್ಥೆ ಇದು. ಇದನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ.

ಹಾಗಾಗಿ ಗಾಡಿ ಬಿಡುವುದು ಎಲ್ಲರಿಗೂ ಒಂದೇ ಅರ್ಥದ ಮಾತಲ್ಲ. ಚೆ ಉಳ್ಳವರ ಮನೆಯ ಮಗ. ಗಾಡಿ ಇಳಿದು ಜನರ ಹತ್ತಿರ ಬಂದದ್ದು ಅವನ ದೊಡ್ಡತನ. ಆದರೆ ತಲೆಮಾರುಗಟ್ಟಲೆ ಬರಿಗಾಲಲ್ಲಿ ನಡೆದವನಿಗೆ, ಮೇಲುಕೇರಿಯಲ್ಲಿ ಚಪ್ಪಲಿ ಕೈಲಿ ಹಿಡಿದು ದಾಟಿದವನಿಗೆ, ಇಳಿ ಅಂತ ಹೇಳುವವರು ಯಾರು? ಅವನು ಮೊದಲು ಹತ್ತಬೇಕು. ದಲಿತ ಮದುಮಗ ಕುದುರೆ ಏರಿದ ಅಂತ ಕಲ್ಲು ಬೀಳುವ ಸುದ್ದಿ ಈ ದೇಶದಲ್ಲಿ ಇನ್ನೂ ನಿಂತಿಲ್ಲ. ನಮ್ಮ ಹುಡುಗ ಮೋಟಾರ್ ಸೈಕಲ್ಲಿನಲ್ಲಿ ಊರಬಾಗಿಲು ಹೊಕ್ಕರೆ ಅದೂ ಒಂದು ಬಂಡಾಯವೇ.

ಹತ್ತಿದ ಮೇಲೆ? ಇದು ನಮಗೆ ನಾವೇ ಕೇಳಿಕೊಳ್ಳಬೇಕಾದದ್ದು. ಓದಿದೆವು, ಮೀಸಲಾತಿಯಿಂದ ನೌಕರಿ ಹಿಡಿದೆವು, ಸಾಲ ಮಾಡಿ ಗಾಡಿ ತಂದೆವು. ಕೇರಿ ಬಂದಾಗ ಗಾಡಿ ನಿಧಾನ ಮಾಡುತ್ತೇವೋ, ಗೇರು ಬದಲಿಸಿ ಜೋರು ಮಾಡುತ್ತೇವೋ? ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಇದೇ ಹರಿಹರದಲ್ಲಿ 1938ರಲ್ಲಿ ಹುಟ್ಟಿದವರು. ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರ ಕೆಲಸ, ತಿಂಗಳಾದರೆ ಸಂಬಳ ಇತ್ತು. ಅಷ್ಟಕ್ಕೆ ಸುಮ್ಮನಿರಬಹುದಾಗಿತ್ತು. ಸುಮ್ಮನಿರಲಿಲ್ಲ. ಸಿದ್ಲಿಪುರದ ಭೂಮಿ ಹೋರಾಟಕ್ಕೂ ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧದ ಹೋರಾಟಕ್ಕೂ ನಿಂತರು. 1997ರಲ್ಲಿ ತೀರಿಕೊಳ್ಳುವವರೆಗೂ ಕೇರಿಯ ದಾರಿ ಮರೆಯಲಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಚೆಯ ಚಿತ್ರದ ಅಂಗಿ ತೊಟ್ಟ ಹುಡುಗರು ನಿಮ್ಮ ಶಾಲೆಯಲ್ಲೂ ಇರುತ್ತಾರೆ. ಅವರಿಗೆ ಆ ನಾರ್ಟನ್ ಗಾಡಿಯ ಕತೆ ಹೇಳಿ. ಅದೇ ದಿನ, ಅದೇ ಪೀರಿಯಡ್ಡಿನಲ್ಲಿ ಚಾಳೀಸಗಾಂವದ ಟಾಂಗಾದ ಕತೆಯನ್ನೂ ಹೇಳಿ. ಸಾಯಂಕಾಲ ಗಾಡಿ ಹತ್ತಿ ಮನೆಗೆ ಹೊರಟಾಗ ಆ ಮಕ್ಕಳಲ್ಲಿ ಒಬ್ಬನ ಕೇರಿಯ ಮುಂದೆ ಎಂಜಿನ್ ಆಫ್ ಮಾಡಿ. ಅವರ ಮನೆಯ ನೀರು ಕುಡಿದು ಬನ್ನಿ.